ತಂತ್ರಾಂಶದ ಮನೆಯಲ್ಲೊಂದು ಪಾಳು ಬಾವಿ

ಹಲವು ತಲೆಮಾರುಗಳು ಬಾಳಿದ ದೊಡ್ಡ ಮನೆಯೊಂದನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಅಜ್ಜನು ನಡುಮನೆಯನ್ನು ಕಟ್ಟಿಸಿದನು. ಮಗನು ಅಟ್ಟವನ್ನು ಏರಿಸಿದನು. ಮೊಮ್ಮಗನು ಹಿತ್ತಿಲಿಗೆ ಹೊಸ ಬಾಗಿಲನ್ನು ತೆರೆಸಿದನು. ಯಾರೊಬ್ಬರೂ ಮನೆಯನ್ನು ತೆರವು ಮಾಡಿ ಮೊದಲಿನಿಂದ ಕಟ್ಟಲಿಲ್ಲ. ವಾಸವು ನಡೆದಿರುವಂತೆಯೇ ಮಾರ್ಪಾಡುಗಳೂ ನಡೆದವು. ಬ್ಯಾಂಕು, ವಿಮಾ ಸಂಸ್ಥೆ, ರೈಲ್ವೆ ಮೊದಲಾದ ಬೃಹತ್ ಸಂಸ್ಥೆಗಳ ತಂತ್ರಾಂಶವೂ ಇಂತಹದೇ. ವ್ಯವಹಾರವನ್ನು ನಿಲ್ಲಿಸದೆಯೇ ಅದನ್ನು ವರ್ಷವರ್ಷವೂ ವಿಸ್ತರಿಸುತ್ತ ಹೋಗಬೇಕಾಗುತ್ತದೆ. ಅದರ ಯಾವ ಭಾಗವು ಯಾವುದನ್ನು ಆಧರಿಸಿ ನಿಂತಿದೆ, ಒಂದನ್ನು ಕದಲಿಸಿದರೆ ಮತ್ತಾವುದು ಅಲುಗುತ್ತದೆ ಎಂಬುದನ್ನು ಅರಿತು ಇಡೀ ರಚನೆಯನ್ನು ಕಾಯುವ ವಿದ್ಯೆಗೆ ತಂತ್ರಾಂಶದ ವಾಸ್ತುವಿನ್ಯಾಸವೆಂದು ಹೆಸರು.

ಈ ವಿದ್ಯೆಯು ಹೊಸದನ್ನು ಸೇರಿಸುವ ಕಲೆಯೆಂದೇ ಸಾಮಾನ್ಯವಾದ ಭಾವನೆ. ಬಳಕೆ ತಪ್ಪಿದ್ದನ್ನು ತೆಗೆದುಹಾಕುವುದೂ ಅದರಷ್ಟೇ ಮುಖ್ಯವಾದ ಕಾರ್ಯ. ಹಿತ್ತಿಲಿನ ಪಾಳು ಬಾವಿಯಿಂದ ಯಾರೂ ನೀರು ಸೇದದಿರಬಹುದು. ಅಷ್ಟರಿಂದಲೇ ಬಾವಿಯು ಇಲ್ಲವಾಗುವುದಿಲ್ಲ. ಇದನ್ನು ಸ್ಪಷ್ಟಪಡಿಸುವ ಒಂದು ನಿಜಸಂಗತಿಯು ೨೦೧೨ರಲ್ಲಿ ಅಮೆರಿಕದ ಷೇರುಪೇಟೆಯಲ್ಲಿ ನಡೆಯಿತು. ಅದನ್ನು ಈಗ ಪರಿಶೀಲಿಸೋಣ.

ನೈಟ್ ಕ್ಯಾಪಿಟಲ್ ಎಂಬುದು ಅಂದು ಆ ದೇಶದ ದೊಡ್ಡ ಷೇರು ವ್ಯಾಪಾರ ಸಂಸ್ಥೆಗಳಲ್ಲಿ ಒಂದಾಗಿದ್ದಿತು. ಬಂದ ಆದೇಶಗಳನ್ನು ಪೇಟೆಗೆ ಕಳುಹಿಸಲು ಅದು ‘ಸ್ಮಾರ್ಸ್’ ಎಂಬ ತಂತ್ರಾಂಶವನ್ನು ೮ ಸರ್ವರುಗಳ ಮೇಲೆ ನಡೆಸುತ್ತಿದ್ದಿತು. ಇಂತಿಷ್ಟು ಷೇರುಗಳನ್ನು ಕೊಳ್ಳಬೇಕೆಂಬ ಆದೇಶವು ಬಂದರೆ ಸ್ಮಾರ್ಸ್ ಅದನ್ನು ಸಣ್ಣ ಸಣ್ಣ ಆದೇಶಗಳಾಗಿ ಪೇಟೆಗೆ ಕಳುಹಿಸುವುದು. ಬಂದದ್ದನ್ನು ತಾಯಿ ಆದೇಶವೆಂದೂ ಹೊರಟವುಗಳನ್ನು ಮರಿ ಆದೇಶಗಳೆಂದೂ ಕರೆಯೋಣ. ಮರಿ ಆದೇಶಗಳಿಂದ ಎಷ್ಟು ಷೇರುಗಳು ಬಂದವೆಂದು ಲೆಕ್ಕವಿಟ್ಟು, ತಾಯಿ ಆದೇಶವು ಪೂರ್ಣವಾದೊಡನೆ ‘ಇನ್ನು ಸಾಕು’ ಎನ್ನುವ ಎಣಿಕೆಯೊಂದು ಇರಲೇಬೇಕು. ಈ ಎಣಿಕೆಯೇ ಇಡೀ ಕಾರ್ಯಕ್ಕೆ ಅಂಕುಶ.

ಸ್ಮಾರ್ಸಿನೊಳಗೆ ‘ಪವರ್ ಪೆಗ್’ ಎಂಬ ಹಳೆಯ ಕಾರ್ಯವಿಧಾನವೊಂದಿದ್ದಿತು. ೨೦೦೩ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿದರು. ಆದರೆ ತಂತ್ರಾಂಶದಿಂದ ತೆಗೆದುಹಾಕಲಿಲ್ಲ. ೨೦೦೫ರಲ್ಲಿ ಬೇರೊಂದು ಸುಧಾರಣೆಯ ಸಲುವಾಗಿ ಎಣಿಕೆಯ ಭಾಗವನ್ನು ಅದಿದ್ದ ಸ್ಥಾನದಿಂದ ಕಾರ್ಯಕ್ರಮದ ಇನ್ನೊಂದು ಹಂತಕ್ಕೆ ಸ್ಥಳಾಂತರಿಸಿದರು. ಪವರ್ ಪೆಗ್ಗಿನ ಅಂಕುಶವು ಅಲ್ಲಿಗೆ ತಪ್ಪಿಹೋಯಿತು. ಬಳಸದಿರುವುದನ್ನು ಪರೀಕ್ಷಿಸುವವರಾರು? ಈ ಲೋಪವು ಏಳು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಿತು.

೨೦೧೨ರ ಆಗಸ್ಟ್ ೧ರಂದು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವು ಸಣ್ಣ ಹೂಡಿಕೆದಾರರಿಗಾಗಿ ಹೊಸ ಯೋಜನೆಯೊಂದನ್ನು ಆರಂಭಿಸುವುದಿದ್ದಿತು. ಅದಕ್ಕೆಂದು ನೈಟ್ ಸಂಸ್ಥೆಯು ಹೊಸ ಕಾರ್ಯವಿಧಾನವನ್ನು ಬರೆದು, ಪವರ್ ಪೆಗ್ ಇದ್ದ ಸ್ಥಳದಲ್ಲಿಯೇ ಅದನ್ನು ಇರಿಸಲು ನಿಶ್ಚಯಿಸಿತು. ಹಿಂದೆ ಪವರ್ ಪೆಗ್ಗನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸದಕ್ಕೂ ಗೊತ್ತುಮಾಡಿತು. ಜುಲೈ ೨೭ರಿಂದ ಹಂತಹಂತವಾಗಿ ಸರ್ವರುಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸಿದರು. ೭ ಸರ್ವರುಗಳಿಗೆ ಅದು ತಲುಪಿತು, ೮ನೆಯದಕ್ಕೆ ತಲುಪಲಿಲ್ಲ. ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಬೇಕೆಂಬ ಲಿಖಿತ ನಿಯಮವಿರಲಿಲ್ಲ.

ಬೆಳಗ್ಗೆ ೯.೩೦ಕ್ಕೆ ಪೇಟೆ ತೆರೆಯಿತು. ೭ ಸರ್ವರುಗಳು ಸರಿಯಾಗಿಯೇ ನಡೆದವು. ೮ನೆಯದರಲ್ಲಿ ಅದೇ ಸಂಕೇತವು ಪವರ್ ಪೆಗ್ಗನ್ನು ಎಬ್ಬಿಸಿತು. ಎಣಿಕೆಯ ಅಂಕುಶವಿಲ್ಲದ ಕಾರಣ ಅದು ಮರಿ ಆದೇಶಗಳನ್ನು ಎಡೆಬಿಡದೆ ಕಳುಹಿಸುತ್ತಲೇ ಹೋಯಿತು. ಬಂದಿದ್ದ ತಾಯಿ ಆದೇಶಗಳು ಕೇವಲ ೨೧೨. ಸುಮಾರು ೪೫ ನಿಮಿಷಗಳಲ್ಲಿ ೧೫೪ ಬಗೆಯ ಷೇರುಗಳಲ್ಲಿ ೪೦ ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದವು. ಕೈ ಬದಲಾಯಿಸಿದ ಷೇರುಗಳು ೩೯ ಕೋಟಿ ೭೦ ಲಕ್ಷಕ್ಕೂ ಹೆಚ್ಚು. ಸಂಸ್ಥೆಗೆ ಒದಗಿದ ನಷ್ಟವು ೪೬ ಕೋಟಿ ಡಾಲರುಗಳನ್ನು ಮೀರಿತು.

ಇಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಗಮನಾರ್ಹ. ಪೇಟೆ ತೆರೆಯುವುದಕ್ಕೆ ಮುಂಚೆಯೇ ಯಂತ್ರವು ಪವರ್ ಪೆಗ್ಗಿನ ಹೆಸರನ್ನೆತ್ತಿ ಸಿಬ್ಬಂದಿಗೆ ೯೭ ಇ-ಮೇಲ್ ಸಂದೇಶಗಳನ್ನು ಕಳುಹಿಸಿದ್ದಿತು. ಅವು ಎಚ್ಚರಿಕೆಯ ಗಂಟೆಯೆಂದು ಏರ್ಪಾಡಾದವುಗಳಲ್ಲ. ಆದುದರಿಂದ ಯಾರೂ ಅವನ್ನು ಲಕ್ಷಿಸಲಿಲ್ಲ. ಎರಡನೆಯದಾಗಿ, ಗಾಬರಿಗೊಂಡ ಸಿಬ್ಬಂದಿಯು ಹೊಸ ತಂತ್ರಾಂಶವೇ ದೋಷಿಯೆಂದು ಭಾವಿಸಿ ಅದನ್ನು ಸರಿಯಾಗಿದ್ದ ೭ ಸರ್ವರುಗಳಿಂದಲೂ ತೆಗೆದುಬಿಟ್ಟಿತು. ಆ ಸಂಕೇತವನ್ನು ಹೊತ್ತ ಆದೇಶಗಳು ಬರುತ್ತಲೇ ಇದ್ದುದರಿಂದ ಅವುಗಳಲ್ಲಿಯೂ ಪವರ್ ಪೆಗ್ ಎದ್ದಿತು. ಹಿಂದಿನ ಸ್ಥಿತಿಗೆ ಮರಳುವುದೇ ಕ್ಷೇಮವೆಂದು ತೋರುವುದು ಸಹಜ. ಆದರೆ ಆ ಹಿಂದಿನ ಸ್ಥಿತಿಯಲ್ಲಿಯೇ ಬಾವಿಯು ಬಾಯ್ತೆರೆದುಕೊಂಡಿದ್ದಿತು.

ಒಂದು ಸರ್ವರನ್ನು ಮರೆತವನದೇ ತಪ್ಪೆಂದು ಹೇಳಿ ಮುಗಿಸುವುದು ಸುಲಭ. ಅಟ್ಟದ ಮೇಲಿಟ್ಟ ಗುಂಡುಕಲ್ಲು ಚಲಿಸುವುದಿಲ್ಲ, ಯಾವ ಕೆಲಸವನ್ನೂ ಮಾಡುವುದಿಲ್ಲ. ಆದರೂ ಅದರಲ್ಲಿ ಎತ್ತರಕ್ಕೆ ತಕ್ಕ ಪ್ರಚ್ಛನ್ನ ಶಕ್ತಿಯು ಅಡಗಿದೆಯೆಂದು ಭೌತವಿಜ್ಞಾನದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಅದನ್ನು ತಳ್ಳಿದ ಬೆರಳು ಒಂದು. ಅಟ್ಟಕ್ಕೇರಿಸಿ ಮರೆತ ಕೈಗಳು ಹಲವು. ೨೦೦೩ರಲ್ಲಿ ಬಿಟ್ಟದ್ದು, ೨೦೦೫ರಲ್ಲಿ ಸರಿಸಿದ್ದು, ೨೦೧೨ರಲ್ಲಿ ಹಳೆಯ ಸಂಕೇತವನ್ನು ಮರುಬಳಸಿದ್ದು ಇವುಗಳಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಚಿಕ್ಕ ನಿರ್ಧಾರವೇ. ಮೂರನ್ನೂ ಒಟ್ಟಿಗೆ ಇರಿಸಿ ನೋಡುವ ಹೊಣೆಯು ಯಾರದೂ ಆಗಿರಲಿಲ್ಲ. ಆ ಹೊಣೆಯೇ ವಾಸ್ತುವಿನ್ಯಾಸಕಾರನ ಕರ್ತವ್ಯ.

ಇದರಿಂದ ನಾವು ಕಲಿಯಬೇಕಾದ ನಿಯಮಗಳು ಮೂರು. ಬಳಕೆ ನಿಂತ ಭಾಗವನ್ನು ತೆಗೆದುಹಾಕಬೇಕು. ಹಳೆಯ ಸಂಕೇತಕ್ಕೆ ಹೊಸ ಅರ್ಥವನ್ನು ಕೊಡಬಾರದು. ಎಲ್ಲ ಯಂತ್ರಗಳಲ್ಲಿಯೂ ಒಂದೇ ತಂತ್ರಾಂಶವಿದೆಯೆಂಬುದನ್ನು ಅಳವಡಿಸಿದವನ ಮಾತಿನಿಂದಲ್ಲ, ಪ್ರತ್ಯೇಕ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

೨೦೧೩ರ ಬೇಸಗೆಯಲ್ಲಿ ನೈಟ್ ಸಂಸ್ಥೆಯು ಬೇರೊಂದು ಸಂಸ್ಥೆಯೊಡನೆ ವಿಲೀನವಾಯಿತು. ಅದೇ ಅಕ್ಟೋಬರಿನಲ್ಲಿ ಷೇರುಪೇಟೆಯ ನಿಯಂತ್ರಣ ಆಯೋಗವು ೧ ಕೋಟಿ ೨೦ ಲಕ್ಷ ಡಾಲರುಗಳ ದಂಡವನ್ನು ವಿಧಿಸಿತು. ಇಂದು ನಮ್ಮ ಉಳಿತಾಯ, ಪಿಂಚಣಿ, ಪ್ರಯಾಣ ಎಲ್ಲವೂ ಇಂತಹ ಹಳೆಯ ಮನೆಗಳಲ್ಲಿಯೇ ವಾಸವಾಗಿವೆ. ಹೊಸ ಬಾಗಿಲನ್ನು ತೆರೆಯುವ ಮುನ್ನ ಹಿತ್ತಿಲಿನಲ್ಲಿ ಬಾವಿ ಎಲ್ಲಿದೆಯೆಂದು ಕೇಳುವವರೊಬ್ಬರು ಪ್ರತಿಯೊಂದು ಮನೆಯಲ್ಲಿಯೂ ಇರಬೇಕು.