ಬ್ಲೇಡ್ ಪಟರ್ ಕೊಳ್ಳುವ ಮುನ್ನ ಸೀಮೆಸುಣ್ಣ ಹಚ್ಚಿ ನೋಡಿ

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದಾಗ ಅವರಿಗೂ ಕಂಚಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಗಾಲ್ಫ್‌ನಲ್ಲಿ ಅಂಥ ಒಂದು ಹೊಡೆತ ಉಳಿಯೋದೂ ಕಳೆಯೋದೂ ಹೆಚ್ಚಾಗಿ ಗ್ರೀನ್ ಮೇಲೆ. ಪಾರ್ 72 ಅಂದರೆ ಕುಳಿಗೆ ಎರಡರಂತೆ 36 ಹೊಡೆತ ಪಟರ್ ಪಾಲಿಗೇ ಬರೆದಿಟ್ಟ ಲೆಕ್ಕ. ಆದರೂ ಹೊಸಬರು ದುಡ್ಡೆಲ್ಲ ಡ್ರೈವರ್‌ಗೆ ಸುರಿದು, ಪಟರ್ ಮಾತ್ರ "ಯಾವುದೋ ಒಂದು ಇರಲಿ ಬಿಡು" ಅಂತ ತರ್ತಾರೆ.

ಪಟರ್‌ಗಳಲ್ಲಿ ಹಳೆಯ ಮನೆತನ ಬ್ಲೇಡ್‌ನದು. ತೆಳ್ಳನೆಯ ತಲೆ, ಹಿಂದಕ್ಕೆ ಚಾಚಿದ ಹೊಟ್ಟೆ ಇಲ್ಲ. ಹೊಟ್ಟೆ ಇದ್ದರೆ ಅದು ಮ್ಯಾಲೆಟ್. (ಹೆಸರು ಬ್ಲೇಡ್ ಆದರೂ ನಾನು ಬ್ಲೇಡ್ ಹಾಕುವುದಿಲ್ಲ, ಧೈರ್ಯವಾಗಿ ಓದಿ.) ಬ್ಲೇಡ್‌ನಲ್ಲೂ ಎರಡು ಕವಲು. ಒಂದು ವಿಲ್ಸನ್ 8802ರ ಥರದ್ದು: ದಂಡ ನೇರವಾಗಿ ತಲೆಯ ಹೀಲ್‌ಗೆ, ಅಂದ್ರೆ ನಮ್ಮ ಕಡೆಯ ತುದಿಗೆ, ಸೇರಿಕೊಳ್ಳುತ್ತದೆ. ಬೆನ್ ಕ್ರೆನ್ಶಾ ಪ್ರೀತಿಯಿಂದ 'ಲಿಟ್ಲ್ ಬೆನ್' ಅಂತ ಕರೆದದ್ದು ಇಂಥದ್ದನ್ನೇ. ಇನ್ನೊಂದು ಪಿಂಗ್ ಆನ್ಸರ್ ಥರದ್ದು. ಇದನ್ನು ಮಾಡಿದವರು ನಮ್ಮವರೇ, ಮೆಕ್ಯಾನಿಕಲ್ ಎಂಜಿನಿಯರು! ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸದಲ್ಲಿದ್ದ ಕಾರ್ಸ್ಟನ್ ಸೋಲ್‌ಹೈಮ್ 1966ರಲ್ಲಿ ಅದರ ಮೊದಲ ನಕ್ಷೆ ಗೀಚಿದ್ದು ಗ್ರಾಮಫೋನ್ ತಟ್ಟೆಯ ಲಕೋಟೆಯ ಮೇಲೆ. 'ಆನ್ಸರ್' ಎಂಬ ಪದ ಪಟರ್ ಮೇಲೆ ಹಿಡಿಸಲಿಲ್ಲ. ಹೆಂಡತಿ ಲೂಯಿಸ್ "ಒಂದಕ್ಷರ ಬಿಟ್ಟುಬಿಡಿ" ಅಂದರು, ಹಾಗೇ ಉಳಿಯಿತು. ಟೈಗರ್ ವುಡ್ಸ್ ತಮ್ಮ 15 ಮೇಜರ್‌ಗಳಲ್ಲಿ 14ನ್ನು ಗೆದ್ದ ಸ್ಕಾಟಿ ಕ್ಯಾಮರಾನ್ ನ್ಯೂಪೋರ್ಟ್ 2 ಇದೇ ಆಕಾರದ ವಂಶದ್ದು.

ಸೋಲ್‌ಹೈಮ್ ಮಾಡಿದ್ದಿಷ್ಟೇ: ತಲೆಯ ನಡುವಿನ ತೂಕ ತೆಗೆದು ಎರಡು ತುದಿಗೆ ಹಂಚಿದರು. ನಾವೇ ಲೆಕ್ಕ ಹಾಕೋಣ. 350 ಗ್ರಾಂ ತೂಕದ, 11 ಸೆಂ.ಮೀ. ಉದ್ದದ ಸಮನಾದ ಪಟ್ಟಿ ಇದೆ ಅನ್ನಿ. ಅದರ ಮೊಮೆಂಟ್ ಆಫ್ ಇನರ್ಷಿಯಾ ಸುಮಾರು 3,500 ಗ್ರಾಂ-ಚದರ ಸೆಂ.ಮೀ. ಅಷ್ಟೇ ತೂಕವನ್ನು ಪೂರ್ತಿ ಎರಡು ತುದಿಗೆ ತಳ್ಳಿದರೆ ಮೂರು ಪಟ್ಟು, ಸುಮಾರು 10,500. ನಿಜವಾದ ಪಟರ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಚೆಂಡು ನಡುವಿಗೆ ತಾಗದೆ ಪಕ್ಕಕ್ಕೆ ತಾಗಿದಾಗ ತಲೆ ಎಷ್ಟು ತಿರುಚಿಕೊಳ್ಳುತ್ತದೆ ಅನ್ನೋದನ್ನ ನಿರ್ಧರಿಸುವುದು ಈ ಸಂಖ್ಯೆಯೇ.

ತಿರುಚಿದರೆ ಏನು ಮಹಾ ಅಂತೀರಾ? ಕುಳಿಯ ವ್ಯಾಸ 10.8 ಸೆಂ.ಮೀ. ಹತ್ತು ಅಡಿ ದೂರದಿಂದ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಚೆಂಡು ಕುಳಿಯ ನಡುವಿನಿಂದ 5.3 ಸೆಂ.ಮೀ. ಆಚೆ ಹೋಗುತ್ತದೆ. ಕುಳಿಯ ಅರ್ಧ 5.4. ಅಂಚು ಸವರಿಕೊಂಡು ಹೋಗುವ ಚೆಂಡು ಬೀಳಬೇಕಾದರೆ ತೆವಳುತ್ತಾ ಬಂದಿರಬೇಕು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಪರೀಕ್ಷೆ. ಯಾರದ್ದಾದರೂ ಪಟರ್ ಕಡ ತನ್ನಿ. ಅದರ ಮುಖಕ್ಕೆ ಸೀಮೆಸುಣ್ಣ ತಿಕ್ಕಿ, ಮೂರು ಮೀಟರ್‌ನಿಂದ ಇಪ್ಪತ್ತು ಚೆಂಡು ಹೊಡೆಯಿರಿ. ಕುಳಿ ಕಡೆ ನೋಡಲೇಬೇಡಿ, ಗುರುತು ನೋಡಿ. ಗುರುತೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಗುಂಪುಗೂಡಿದ್ದರೆ ಬ್ಲೇಡ್ ನಿಮಗೆ ಒಗ್ಗುತ್ತದೆ. ಮುಖದ ತುಂಬ ಚೆಲ್ಲಾಡಿದ್ದರೆ, ಬೇಜಾರು ಮಾಡ್ಕೋಬೇಡಿ, ಸದ್ಯಕ್ಕೆ ಮ್ಯಾಲೆಟ್ ತಗೊಳ್ಳಿ. 8802 ಥರದ್ದಂತೂ ಮುಟ್ಟಲೇಬೇಡಿ. ನೋಡೋಕೆ ಚೆಂದ, ಆದರೆ ಕ್ಷಮಿಸುವ ಗುಣ ಕಡಿಮೆ.

ಬ್ಲೇಡೇ ಅಂತಾದರೆ ಮುಂದಿನ ಪ್ರಶ್ನೆ ಜೋತು. ದಂಡವನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿಸಿ. 8802ರ ಟೋ, ಅಂದ್ರೆ ಆಚೆ ತುದಿ, ಹೆಚ್ಚುಕಡಿಮೆ ನೆಟ್ಟಗೆ ನೆಲ ನೋಡುತ್ತದೆ. ಆನ್ಸರ್‌ದು ಅರ್ಧ ಜೋತು ನಿಲ್ಲುತ್ತದೆ, ಕೊಳಾಯಿಯಂತೆ ಬಾಗಿದ ಅದರ ಕತ್ತು ದಂಡವನ್ನು ತಲೆಯ ದ್ರವ್ಯರಾಶಿ ಕೇಂದ್ರದ ಹತ್ತಿರ ತರುವುದರಿಂದ. ಕೇಂದ್ರ ದಂಡದಿಂದ ದೂರವಿದ್ದಷ್ಟೂ ತಲೆ ತಿರುಗಣಿಗೆ ನೇತುಬಿದ್ದ ಬಾಗಿಲಿನ ಹಾಗೆ: ಹಿಂದಕ್ಕೆ ಒಯ್ದಾಗ ತೆರೆದುಕೊಳ್ಳುತ್ತದೆ, ಮುಂದಕ್ಕೆ ತರುವಾಗ ಕೈಯೇ ಮುಚ್ಚಬೇಕು. ನಿಮ್ಮ ಬೀಸು ಕಮಾನಿನಂತೆ ಬಾಗುತ್ತಿದ್ದರೆ ಜೋತು ಹೊಂದುತ್ತದೆ, ಗೋಡೆ ಗಡಿಯಾರದ ಲೋಲಕದ ಹಾಗೆ ನೇರವಿದ್ದರೆ ಬೇಡ ಅಂತಾರೆ. ಎಲ್ಲರ ಕೈಗೂ ಇದು ಸರಿಹೋಗುತ್ತೆ ಅಂತ ನಾನು ನಂಬಲ್ಲ. ಆದರೆ ಬಲಗೈ ಆಟಗಾರರ ಚೆಂಡು ಪದೇಪದೇ ಬಲಕ್ಕೆ ಹೋಗುತ್ತಿದ್ದರೆ ಜೋತು ಕಡಿಮೆ ಇರುವುದನ್ನು ಒಮ್ಮೆ ಹಿಡಿದು ನೋಡಲೇಬೇಕು.

ಉದ್ದ ಸಾಮಾನ್ಯವಾಗಿ 33ರಿಂದ 35 ಇಂಚು. ಹೊಡೆಯುವ ಭಂಗಿಯಲ್ಲಿ ನಿಂತು ಮೂಗಿನ ಮೇಲಿಂದ ಇನ್ನೊಂದು ಚೆಂಡು ಬಿಡಿ. ನೆಲದ ಚೆಂಡಿನ ಮೇಲೋ, ಸ್ವಲ್ಪ ಕಾಲಿನ ಕಡೆಗೋ ಬಿದ್ದರೆ ಸರಿ. ಎತ್ತರದವರಿಗೆ ಉದ್ದ ಪಟರ್ ಅನ್ನೋ ಅಂಗಡಿಯವರ ಮಾತು ಪೂರ್ತಿ ನಿಜವಲ್ಲ, ಎಷ್ಟು ಬಾಗಿ ನಿಲ್ತೀರಿ ಅನ್ನೋದೇ ಮುಖ್ಯ. ಲಾಫ್ಟ್ ಮೂರು-ನಾಲ್ಕು ಡಿಗ್ರಿ ಇರುತ್ತದೆ. ಹುಲ್ಲಿನಲ್ಲಿ ತುಸು ಹುದುಗಿದ ಚೆಂಡನ್ನು ಎತ್ತಿ ಉರುಳಿಸೋಕೆ ಅಷ್ಟು ಸಾಕು.

ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ, ಬ್ಲೇಡ್ ಬರೀ ಉಕ್ಕಿನ ತುಂಡು, ಹಳತಾದರೆ ಕೆಡುವಂಥದ್ದೇನೂ ಇಲ್ಲ. ದಂಡ ಬಾಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಿ. ಯಾರಾದರೂ ಕತ್ತರಿಸಿ ಗಿಡ್ಡ ಮಾಡಿದ್ದಾರಾ ಅಂತ ಅಳೆಯಿರಿ. ಕತ್ತರಿಸಿದ್ದರೆ ತಲೆ ಕೈಗೆ ಹಗುರ ಅನಿಸುತ್ತದೆ. ಹಿಡಿ ಸವೆದಿದ್ದರೆ ಬೇರೆ ಹಾಕಿಸಬಹುದು, ಚೌಕಾಶಿಗೂ ಒಂದು ದಾರಿ ಆಯ್ತು. ಸೀಮೆಸುಣ್ಣದ ಚೂರು ಮಾತ್ರ ಜೇಬಿನಲ್ಲಿರಲಿ.