ಜಳಕೋಟ ಯಾವ ವಿಧಾನಸಭೆಗೆ?

ಲಾತೂರ್ ಜಿಲ್ಲೆಯ ಜಳಕೋಟ ತಾಲೂಕು ಸೇರಿರುವುದು ಉದಗೀರ್ ವಿಧಾನಸಭಾ ಕ್ಷೇತ್ರಕ್ಕೆ. ಈ ಸೀಮೆಯ ಕ್ಷೇತ್ರಗಳಲ್ಲಿ ಉದಗೀರ್, ಉಮರ್ಗಾ ಎರಡೂ ಪರಿಶಿಷ್ಟ ಜಾತಿ ಮೀಸಲು, ನಿಲಂಗಾ ಸಾಮಾನ್ಯ.

ಪರೀಕ್ಷಾರ್ಥಿಗಳು ಎಡವುವುದು ಇತಿಹಾಸದಲ್ಲಿ. 1952ರ ಮೊದಲ ಚುನಾವಣೆಯಲ್ಲಿ ಈ ಸೀಮೆ ಆರಿಸಿ ಕಳಿಸಿದ್ದು 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಗೆ. ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣರಾವ್. ಆಗ ಉದಗೀರ್, ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂತು, ಇವು ಮುಂಬಯಿ ರಾಜ್ಯಕ್ಕೆ ಹೋದವು. 1960ರ ಮೇ 1ರಿಂದ ಮಹಾರಾಷ್ಟ್ರ. ಊರು ಕದಲಲಿಲ್ಲ, ಶಾಸನಸಭೆ ಮಾತ್ರ ಎರಡು ಬಾರಿ ಬದಲಾಯಿತು!

ಮಹಾರಾಷ್ಟ್ರ ವಿಧಾನಸಭೆಯ ಬಲ 288, ಪರಿಷತ್ತಿನದು 78 (ಕರ್ನಾಟಕ: 224, 75). ಸಂವಿಧಾನದ 91ನೇ ತಿದ್ದುಪಡಿಯ ಶೇ. 15ರ ಮಿತಿಯಂತೆ ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿಯೂ ಸೇರಿ ಸಚಿವರು 43 ಮೀರುವಂತಿಲ್ಲ. ಈ ಲೆಕ್ಕವನ್ನು ಬಾಯಿಪಾಠ ಮಾಡಬೇಡಿ, ಗುಣಿಸಿ ನೋಡಿ.

ನಾಯಕತ್ವದ ಪ್ರಶ್ನೆ ಬಂದರೆ ನಿಲಂಗಾದ ಶಿವಾಜಿರಾವ್ ಪಾಟೀಲ್ ನಿಲಂಗೇಕರ್ ನೆನಪಿರಲಿ. 1985ರ ಜೂನ್‌ನಲ್ಲಿ ಮುಖ್ಯಮಂತ್ರಿಯಾದವರು 1986ರ ಮಾರ್ಚ್‌ನಲ್ಲಿ ಕೆಳಗಿಳಿದರು. ಕಾರಣ, ಎಂ.ಡಿ. ಪರೀಕ್ಷೆಯ ಅಂಕಗಳ ವಿವಾದ. ಪರೀಕ್ಷೆ ಬರೆಯುವವರಿಗೆ ಇದು ಮರೆಯುವುದು ಕಷ್ಟ. ಇದೇ ಜಿಲ್ಲೆಯ ಶಿವರಾಜ್ ಪಾಟೀಲ್ ಚಾಕೂರ್ಕರ್ ರಾಜ್ಯ ವಿಧಾನಸಭೆಯ ಸ್ಪೀಕರ್ ಆಗಿದ್ದು, ಮುಂದೆ 1991ರಿಂದ 1996ರವರೆಗೆ ಲೋಕಸಭೆಯ ಸ್ಪೀಕರ್ ಆದರು.