ತಾಳ ತಪ್ಪಿದ ನಾಡಿ

ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯವು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ ಒಂದೇ ತಾಳದಲ್ಲಿ ಬಡಿಯುತ್ತದೆ. ಈ ತಾಳ ತಪ್ಪಿಸುವ ಬೇನೆಗಳು ಹಲವು ಉಂಟು. ಅವುಗಳಲ್ಲಿ ಬಹು ಜನರನ್ನು ಕಾಡುವ ಒಂದಕ್ಕೆ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ; ಹೃತ್ಕರ್ಣದ ಕಂಪನವೆಂದು ನಾವು ಕರೆಯಬಹುದು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದುದರಿಂದ ಅಜ್ಜಿಯ ಔಷಧದ ಚೀಟಿ ಓದುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಚೀಟಿಯ ಅರ್ಥ ಹುಡುಕುತ್ತ ಕಲಿತುದನ್ನೇ ಇಲ್ಲಿ ಬರೆಯುತ್ತಿರುವೆನು.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಡಿತದ ಸಂಕೇತ ಬಲ ಹೃತ್ಕರ್ಣದ ಒಂದು ಸಣ್ಣ ಗಂಟಿನಿಂದ ಹೊರಡುತ್ತದೆ. ನಮ್ಮೂರು ತಳಕಲ್ಲಿನ ರೈಲು ನಿಲ್ದಾಣವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಗದಗ-ಕೊಪ್ಪಳ ದಾರಿಯಿಂದ ಕುಷ್ಟಗಿಯ ಕಡೆಗೆ ಹೊಸ ಹಳಿ ಕವಲೊಡೆಯುವುದು ಅಲ್ಲಿಯೇ. ಒಂದು ಗಾಡಿಗೆ ಒಂದು ಸಿಗ್ನಲ್ಲು. ಹಾಗಿದ್ದರೇ ಸಂಚಾರ ಸುಗಮ. ಈ ಬೇನೆಯಲ್ಲಾದರೋ ಹೃತ್ಕರ್ಣದ ಹಲವು ಕಡೆಗಳಿಂದ ನಿಮಿಷಕ್ಕೆ 300ಕ್ಕೂ ಮಿಕ್ಕಿ ಸಂಕೇತಗಳು ಏಳುತ್ತವೆ. ಹೃತ್ಕರ್ಣವು ಹಿಂಡುವುದನ್ನು ಬಿಟ್ಟು ಬರಿದೆ ನಡುಗುತ್ತದೆ. ನಡುವಿನ ಇನ್ನೊಂದು ಗಂಟು ಗೇಟು ಕಾಯುವವನಂತೆ ಬಹಳಷ್ಟು ಸಂಕೇತಗಳನ್ನು ತಡೆದರೂ ಉಳಿದವು ಹೊತ್ತುಗೊತ್ತಿಲ್ಲದೆ ಕೆಳಗಿಳಿಯುತ್ತವೆ. ಆಗ ನಾಡಿಯಲ್ಲಿ ಒಂದು ಬಡಿತ ಜೋರು, ಒಂದು ಮೆಲ್ಲಗೆ. ಒಮ್ಮೆ ಬೇಗ, ಒಮ್ಮೆ ತಡ.

ಮುಪ್ಪು, ರಕ್ತದೊತ್ತಡ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಮದ್ಯಪಾನ ಇವು ಇದಕ್ಕೆ ಕಾರಣಗಳು. ನಮ್ಮ ದೇಶದಲ್ಲಿ ಇನ್ನೊಂದೂ ಉಂಟು. ಬಾಲ್ಯದಲ್ಲಿ ಗಂಟಲು ಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟವನ್ನು ಕಿರಿದುಗೊಳಿಸಿ, ಎಷ್ಟೋ ವರ್ಷಗಳ ಮೇಲೆ ಈ ರೂಪದಲ್ಲಿ ತಲೆಯೆತ್ತುತ್ತದೆ. ನಮ್ಮ ಅಜ್ಜಿಗೆ ಆದುದು ಹೀಗೆಯೇ.

“ಎದಿ ಡವಡವ ಅಂತೈತಿ, ಸ್ವಲ್ಪ ಕುಂತ್ರ ಹೋಗ್ತೈತಿ” ಎಂದು ಆಕೆ ತಿಂಗಳುಗಟ್ಟಲೆ ಹೇಳಿದಳು. ನೋವಿಲ್ಲವಾದ್ದರಿಂದ ನಾವು ಗಮನ ಕೊಡಲಿಲ್ಲ. ಅಪಾಯವಿದ್ದುದು ಅಲ್ಲಿಯೇ. ನಡುಗುವ ಹೃತ್ಕರ್ಣದಲ್ಲಿ ರಕ್ತ ಮಡುಗಟ್ಟಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹರಿದರೆ ಲಕ್ವ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಬಲಗೈ ಕುಸಿಯಿತು, ಮಾತು ತೊದಲಿತು. “ವಾಯು ಬಡದೈತಿ” ಎಂದು ಹಿರಿಯರು ಆಕೆಯನ್ನು ಔಷಧ ಹಾಕುವವರಲ್ಲಿಗೆ ಕರೆದೊಯ್ದರು. ಆಸ್ಪತ್ರೆ ಮುಟ್ಟಿದ್ದು ಸಂಜೆಗೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು, ಯೋಗ್ಯರೆಂದು ವೈದ್ಯರು ಕಂಡವರಿಗೆ, ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ವೇಳೆ ಮೀರಿತ್ತು. ಅಜ್ಜಿ ಬದುಕಿದಳು, ಆದರೆ ಇಂದಿಗೂ ಆಕೆ ರೊಟ್ಟಿ ಬಡಿಯಲಾರಳು.

ಹಾಗೆಂದು ಈ ಬೇನೆಯೊಡನೆ ಬಾಳುವುದು ಅಸಾಧ್ಯವಲ್ಲ. ಬಡಿತದ ವೇಗ ತಗ್ಗಿಸಲು ಒಂದು ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಕವಾಟ ಬಹಳ ಕಿರಿದಾದವರಿಗೆ ಈ ಎರಡನೆಯದು ಹೆಚ್ಚಾಗಿ ವಾರ್ಫರಿನ್. ಅದು ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆದುದರಿಂದ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಅಂಕಿ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಮೆಂತ್ಯ, ಪಾಲಕಗಳಂಥ ಹಸಿರು ಪಲ್ಲೆಗಳಲ್ಲಿರುವ ಕೆ ಜೀವಸತ್ವವು ಈ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ. ಪಲ್ಲೆ ಬಿಡಬೇಕಾಗಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಉಂಡರಾಯಿತು. ಮೊಣಕಾಲು ನೋವಿಗೆಂದು ಅಂಗಡಿಯ ಗುಳಿಗೆಯನ್ನಾಗಲಿ ನಾಟಿ ಔಷಧವನ್ನಾಗಲಿ ವೈದ್ಯರನ್ನು ಕೇಳದೆ ನುಂಗಬಾರದು. ಗುಣವೆನಿಸಿತೆಂದು ಔಷಧ ನಿಲ್ಲಿಸಲೂ ಬಾರದು.

ಇನ್ನು, ಯಾವಾಗ ಓಡಬೇಕು? ಮುಖ ಒಂದು ಕಡೆ ಸೊಟ್ಟಾದರೆ, ಕೈಕಾಲು ಬಲಗುಂದಿದರೆ, ಮಾತು ತೊದಲಿದರೆ, ಎದೆನೋವು ಬಂದರೆ, ಎಚ್ಚರ ತಪ್ಪಿದರೆ, ಕುಳಿತಲ್ಲೇ ಏದುಸಿರು ಹತ್ತಿದರೆ ಕೂಡಲೇ 108ಕ್ಕೆ ಕರೆಮಾಡಬೇಕು. ಹೆಪ್ಪು ತಡೆಯುವ ಗುಳಿಗೆ ನುಂಗುವವರ ತಲೆಗೆ ಪೆಟ್ಟಾದರೆ, ಮಲ ಕಪ್ಪಾದರೆ, ರಕ್ತ ನಿಲ್ಲದಿದ್ದರೆ ಆಗಲೂ ತಡ ಸಲ್ಲದು. ಲಕ್ವ ಹೊಡೆದವರ ಬಾಯಿಗೆ ನೀರು, ಔಷಧ ಏನನ್ನೂ ಹಾಕಬಾರದು; ಉಸಿರುನಾಳಕ್ಕೆ ಇಳಿದೀತು. ಅವರು ಕೊನೆಯದಾಗಿ ಸರಿಯಾಗಿದ್ದ ವೇಳೆಯನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಬೇಕು. ಎದೆಬಡಿತ ಹೊಸದಾಗಿ ಏರುಪೇರಾದರೆ, ಕಾಲು ಊದಿದರೆ, ಒಂದೆರಡು ದಿನದೊಳಗೆ ವೈದ್ಯರನ್ನು ಕಾಣಬೇಕು, ಇ.ಸಿ.ಜಿ.ಯೊಂದು ಬೇನೆಯನ್ನು ತೋರಿಸಿಕೊಟ್ಟೀತು.

ಸಹಪಾಠಿ ಮಿತ್ರರೇ, ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ, ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸಿರಿ. ತಾಳ ತಪ್ಪಿದ್ದರೆ ಸುಮ್ಮನಿರಬೇಡಿರಿ. ಅಜ್ಜಿಯ ಗುಳಿಗೆ, ಪರೀಕ್ಷೆಯ ದಿನ, ಅಂಕಿ ಎಲ್ಲವನ್ನೂ ನಾನೀಗ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ನಾನು ಕಲಿತ ಅಕ್ಷರ ಮನೆಗೆ ಮೊದಲು ಉಪಯೋಗಕ್ಕೆ ಬಂದದ್ದು ಆ ಪುಸ್ತಕದಲ್ಲಿ.